ಸೆಕೆಂಡ್ ಹ್ಯಾಂಡ್ .22 ಸೆಮಿ-ಆಟೊ ಪದೇ ಪದೇ ಜಾಮ್ ಆಗುತ್ತಿದೆ. ಇದನ್ನು ಕೊಟ್ಟು ಬೇರೆ ತಗೊಳ್ಳಲಾ?

ಹೊಸಗುರಿ:
ಎಲ್ಲರಿಗೂ ನಮಸ್ಕಾರ. ಸಾಕಾಗಿ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಟಾರ್ಗೆಟ್ ಶೂಟಿಂಗ್‌ಗೆ ಅಂತ ಸೆಕೆಂಡ್ ಹ್ಯಾಂಡ್ .22 ಸೆಮಿ-ಆಟೊ ರೈಫಲ್ (ಪ್ರತಿ ಗುಂಡಿನ ನಂತರ ತಾನೇ ಮುಂದಿನದನ್ನು ತುಂಬಿಕೊಳ್ಳುವುದು) ತಗೊಂಡೆ. ಕೈಯಲ್ಲಿದ್ದ ದುಡ್ಡಿಗೆ ಸಿಕ್ಕಿದ್ದು ಅದೇ. ಮೂರು ನಾಲ್ಕು ಗುಂಡು ಸರಿಯಾಗಿ ಹೋಗುತ್ತವೆ, ಆಮೇಲೆ ಜಾಮ್. ಬೋಲ್ಟ್ (ಹಿಂದೆ ಮುಂದೆ ಓಡಿ ತೋಟಾ ತುಂಬುವ ಭಾಗ) ಎಳೆದು ಬಿಡಿಸಿದರೆ ಮತ್ತೆ ಮೂರು ನಾಲ್ಕು, ಮತ್ತೆ ಜಾಮ್. ನಿನ್ನೆ 50ರ ಒಂದು ಡಬ್ಬಿ ಮುಗಿಯುವಷ್ಟರಲ್ಲಿ 13 ಸಲ ನಿಂತಿತು. ಎಣಿಸಿದ್ದೇನೆ.

ಕ್ಲೀನ್ ಮಾಡಿದ್ದೇನೆ, ಎಣ್ಣೆ ಹಾಕಿದ್ದೇನೆ. ಇದನ್ನು ಕೊಟ್ಟು ಅಷ್ಟೇ ಬಜೆಟ್‌ನಲ್ಲಿ ನಂಬಬಹುದಾದ ಬೇರೆ ಯಾವುದಾದರೂ ತಗೊಳ್ಳೋದು ವಾಸಿಯಾ? ದಯವಿಟ್ಟು ತಿಳಿದವರು ಹೇಳಿ.

40ಗ್ರೇನ್:
ಯಾವ ರೈಫಲ್? ಯಾವ ತೋಟಾ? ಜಾಮ್ ಅಂದರೆ ಯಾವ ತರಹದ ಜಾಮ್? ಇಷ್ಟು ಹೇಳದೆ ಯಾರೂ ಏನೂ ಹೇಳಲಾರರು ಸರ್.

ಹೊಸಗುರಿ:
ರೈಫಲ್ ರುಗರ್ ಕಂಪನಿಯ 10/22ರ ವಿನ್ಯಾಸವನ್ನೇ ಅನುಸರಿಸಿ ಬೇರೆಯವರು ಮಾಡಿದ್ದು. ಹೆಸರು ಬರೆಯುವುದಿಲ್ಲ, ತಪ್ಪು ಅವರದ್ದೋ ನನ್ನದೋ ಇನ್ನೂ ಗೊತ್ತಿಲ್ಲವಲ್ಲ. ತೋಟಾ ಸಾಮಾನ್ಯ .22 ಎಲ್‌ಆರ್. ಖಾಲಿ ಕೇಸ್ ಹೊರಗೆ ಹಾರದೆ ಬಾಗಿಲಲ್ಲೇ ಚಿಮಣಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ.

ಹಳೆ_ಬೋಲ್ಟ್:
ಎಕ್ಸ್‌ಟ್ರಾಕ್ಟರ್, ಅಂದರೆ ಖಾಲಿ ಕೇಸನ್ನು ಹಿಡಿದೆಳೆಯುವ ಕೊಕ್ಕೆ. ಬೇರೆ ಏನೂ ನೋಡಬೇಡಿ. ಸೆಕೆಂಡ್ ಹ್ಯಾಂಡ್ ಅಂದ ಮೇಲೆ ಅದರ ಉಗುರು ಸವೆದಿರುತ್ತದೆ. ಹೊಸದು ಹಾಕಿ, 10 ನಿಮಿಷದ ಕೆಲಸ. ಪಿನ್ ಒತ್ತುವಾಗ ಸ್ಪ್ರಿಂಗ್ ಹಾರಿ ಹೋಗುತ್ತದೆ, ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಿಚ್ಚಿ.

40ಗ್ರೇನ್:
ಹಳೆ_ಬೋಲ್ಟ್ ಸರ್, ಎಕ್ಸ್‌ಟ್ರಾಕ್ಟರ್ ಕೆಟ್ಟಿದ್ದರೆ ಕೇಸ್ ಚೇಂಬರಿನಲ್ಲೇ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಉಳಿಯುತ್ತಿತ್ತು, ಇಲ್ಲವೇ ಅರ್ಧ ದಾರಿಯಲ್ಲಿ ಕೈಬಿಡುತ್ತಿತ್ತು. ಇಲ್ಲಿ ಕೇಸ್ ಬಾಗಿಲ ತನಕ ಬರುತ್ತಿದೆ. ಅಂದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗದೆ ಅವಸರದಲ್ಲಿ ಮುಂದೆ ಬರುತ್ತಿದೆ.

ಇದು ಬ್ಲೋಬ್ಯಾಕ್ ರೈಫಲ್, ತೋಟಾ ಸಿಡಿದ ಒತ್ತಡವೇ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ಬೋಲ್ಟ್‌ಗೆ ಬೀಗ ಅಂತ ಏನೂ ಇಲ್ಲ. ಬೋಲ್ಟಿನ ತೂಕ, ಸ್ಪ್ರಿಂಗಿನ ಒತ್ತಡ, ಇವೆರಡೇ ಅದನ್ನು ಹಿಡಿದಿರುವುದು. ತೋಟಾದ ಬಲ ಕಡಿಮೆಯಾದರೆ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ನನಗೆ ತೋಟಾದ ಮೇಲೆಯೇ ಅನುಮಾನ. ಡಬ್ಬಿಯ ಮೇಲೆ ವೇಗ ಎಷ್ಟು ಅಂತ ಬರೆದಿದೆ?

ಹೊಸಗುರಿ:
1,070 ಅಡಿ ಸೆಕೆಂಡಿಗೆ. ಸದ್ದು ಕಡಿಮೆ ಅಂತ ಅದನ್ನೇ ಬಳಸುತ್ತೇನೆ.

40ಗ್ರೇನ್:
ಸಿಕ್ಕಿತು ನೋಡಿ! ಅದು ಸ್ಟ್ಯಾಂಡರ್ಡ್ ವೆಲಾಸಿಟಿ, ಶಬ್ದದ ವೇಗಕ್ಕಿಂತ ಕಡಿಮೆ. ಕೈಯಿಂದಲೇ ಬೋಲ್ಟ್ ಎಳೆಯುವ ಬೋಲ್ಟ್ ಆಕ್ಷನ್‌ಗೆ ಬಹಳ ಒಳ್ಳೆಯದು. ಕೆಲವು ಸೆಮಿ-ಆಟೊಗಳಿಗೆ ಸಾಲುವುದಿಲ್ಲ. ಸಿಸಿಐ ಕಂಪನಿಯ ಮಿನಿ-ಮ್ಯಾಗ್ ತೋಟಾ ಹಾಕಿ, ಅದು 40 ಗ್ರೇನ್ ತೂಕದ ಗುಂಡಿಗೆ 1,235 ಅಡಿ. ಜಾಮ್ ನಿಲ್ಲುತ್ತದೆ.

ಎಣ್ಣೆಬಟ್ಟೆ:
ತೋಟಾ ಬದಲಾಯಿಸುವ ಮೊದಲು ಚೇಂಬರ್ ನೋಡಿ. ‘ಕ್ಲೀನ್ ಮಾಡಿದ್ದೇನೆ’ ಅಂದರೆ ಎಲ್ಲಿ? ನಳಿಗೆಯೊಳಗೆ ಬಟ್ಟೆ ಎಳೆದರೆ ಚೇಂಬರ್ ಕ್ಲೀನ್ ಆಗಲ್ಲ. .22ರ ಗುಂಡು ಹೆಚ್ಚಾಗಿ ಬರಿ ಸೀಸ, ಮೇಲೆ ಮೇಣ. ಮಸಿ, ಸೀಸ, ಮೇಣ ಮೂರೂ ಸೇರಿ ಚೇಂಬರಿನ ಬಾಯಲ್ಲಿ ಉಂಗುರದ ಹಾಗೆ ಗಟ್ಟಿ ಕಟ್ಟುತ್ತವೆ. ಎಷ್ಟು ಎಣ್ಣೆ ಹಾಕಿದಿರಿ ಅನ್ನೋದೂ ಮುಖ್ಯ. ಜಾಸ್ತಿ ಎಣ್ಣೆ ಮಸಿಯನ್ನು ಹಿಡಿದು ಕೆಸರು ಮಾಡುತ್ತದೆ.

40ಗ್ರೇನ್:
.22 ನಳಿಗೆಯನ್ನು ಅಷ್ಟು ಕ್ಲೀನ್ ಮಾಡುವ ಅಗತ್ಯವೇ ಇಲ್ಲ. ಗುಂಡು ಹೊಡೆದು ಸವೆದ ನಳಿಗೆಗಿಂತ ರಾಡ್ ತೂರಿಸಿ ಹಾಳಾದ ನಳಿಗೆ ನಾನು ಜಾಸ್ತಿ ನೋಡಿದ್ದೇನೆ. 10/22 ತರಹದ ರೈಫಲ್‌ನ ರಿಸೀವರ್ (ಬೋಲ್ಟ್ ಓಡಾಡುವ ಪೆಟ್ಟಿಗೆ) ಹಿಂಭಾಗ ಮುಚ್ಚಿರುತ್ತದೆ, ಹಾಗಾಗಿ ಜನ ಮುಂದಿನಿಂದ ರಾಡ್ ಹಾಕುತ್ತಾರೆ. ನಳಿಗೆಯ ತುದಿಯ ಅಂಚು ಹೋಯಿತು ಅಂದರೆ ಗ್ರೂಪಿಂಗ್ ಹೋಯಿತು, ಗುಂಡುಗಳು ಒಂದೇ ಕಡೆ ಬೀಳಲ್ಲ.

ಎಣ್ಣೆಬಟ್ಟೆ:
ನಾನು ನಳಿಗೆ ಅಂದೆನಾ? ಚೇಂಬರ್ ಅಂದೆ. ಓದಿ ಉತ್ತರ ಕೊಡಿ. ರಾಡ್ ಬೇಡ ಅಂದರೆ ಎಳೆಯುವ ಹುರಿ ಇದೆ, ಚೇಂಬರ್ ಕಡೆಯಿಂದ ಹಾಕಿ ಮುಂದಕ್ಕೆ ಎಳೆಯಬಹುದು. ಕ್ಲೀನ್ ಮಾಡಲೇಬೇಡಿ ಅಂತ ಹೊಸಬರಿಗೆ ಹೇಳೋದು ತಪ್ಪು.

40ಗ್ರೇನ್:
ಮಾಡಲೇಬೇಡಿ ಅಂತ ನಾನು ಎಲ್ಲಿ ಹೇಳಿದೆ?

ಮಿಡ್‌ಲೆಂತ್:
ಹೊಸಗುರಿ, ನಿಮ್ಮ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬಜೆಟ್‌ನಲ್ಲಿ ನಂಬಿಕೆಯ .22 ಬೇಕಾದರೆ ಮೂಲ ರುಗರ್ 10/22 ತಗೊಳ್ಳಿ. 1964ರಿಂದ ಬರುತ್ತಿದೆ. 10 ಗುಂಡಿನ ರೋಟರಿ ಮ್ಯಾಗಝೀನ್ ಅದರ ದೊಡ್ಡ ಬಲ. ತೋಟಾಗಳು ಚಕ್ರದಲ್ಲಿ ಬಿಡಿಬಿಡಿಯಾಗಿ ಕೂರುತ್ತವೆ, ಒಂದರ ರಿಮ್ (ಬುಡದ ಅಂಚು) ಇನ್ನೊಂದಕ್ಕೆ ಸಿಕ್ಕಿಕೊಳ್ಳಲ್ಲ. ಬಿಡಿಭಾಗಗಳು ಧಾರಾಳವಾಗಿ ಸಿಗುತ್ತವೆ.

ನನ್ನ ಹತ್ತಿರ ಒಂದಿದೆ. ಈಗ ಅದರಲ್ಲಿ ಮೂಲದ್ದು ಅಂತ ಉಳಿದಿರೋದು ರಿಸೀವರ್ ಒಂದೇ. ದಪ್ಪ ಬುಲ್ ಬ್ಯಾರೆಲ್, ಹಗುರ ಟ್ರಿಗರ್, ಲ್ಯಾಮಿನೇಟ್ ಸ್ಟಾಕ್, ಬೋಲ್ಟ್ ಬಡಿಯುವ ಜಾಗಕ್ಕೆ ಪಾಲಿಮರ್ ಬಫರ್. 50 ಮೀಟರ್‌ನಲ್ಲಿ ಐದು ಗುಂಡು ಒಂದು ನಾಣ್ಯದ ಅಗಲದಲ್ಲಿ ಬೀಳುತ್ತವೆ. ಪಕ್ಕದಲ್ಲಿ 16 ಇಂಚು ನಳಿಗೆಯ ಎಆರ್ (ಎಆರ್-15 ತರಹದ ರೈಫಲ್) ಒಂದಿದೆ, ಗ್ಯಾಸ್ ಕೊಳವೆ ಮಿಡ್-ಲೆಂತ್. ಕಾರ್ಬೈನ್ ಲೆಂತ್‌ಗೆ ಹೋಲಿಸಿದರೆ ಒದೆತ ಎಷ್ಟು ಮೃದು ಅಂದರೆ, ಫೋಟೊ ಹಾಕುತ್ತೇನೆ ನೋಡಿ.

ಹಳೆ_ಬೋಲ್ಟ್:
ಅಷ್ಟೆಲ್ಲಾ ಬದಲಾಯಿಸಿದ ಮೇಲೆ ಅದು ಬಜೆಟ್ ರೈಫಲ್ ಅಲ್ಲ. ಸುಮ್ನೆ ಬಳಸುವವರಿಗೆ ಮಾರ್ಲಿನ್ ಮಾಡೆಲ್ 60 ಸಾಕು. 1960ರ ವಿನ್ಯಾಸ, ನಳಿಗೆಯ ಕೆಳಗೆ ಕೊಳವೆ ಮ್ಯಾಗಝೀನ್. ಕಳೆದು ಹೋಗುವ ಭಯವಿಲ್ಲ. ಆದರೆ ತೋಟಾ ಇಲ್ಲದೆ ಟ್ರಿಗರ್ ಎಳೆಯಬೇಡಿ. ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಗುಬುಟು ಏಳಬಹುದು.

ಹೊಸಗುರಿ, ಎಕ್ಸ್‌ಟ್ರಾಕ್ಟರ್ ನೋಡಿದಿರಾ?

ಹೊಸಗುರಿ:
ಮಿನಿ-ಮ್ಯಾಗ್ ಹಾಕಿ ನೋಡಿದೆ. 50ರಲ್ಲಿ ಜಾಮ್ 13ರಿಂದ 6ಕ್ಕೆ ಇಳಿಯಿತು. ಹೋಗಲಿಲ್ಲ. ಎಕ್ಸ್‌ಟ್ರಾಕ್ಟರ್ ಉಗುರು ಚೂಪಾಗೇ ಇದೆ, ಭೂತಗನ್ನಡಿಯಲ್ಲಿ ನೋಡಿದೆ. ಚೇಂಬರನ್ನೂ ನೈಲಾನ್ ಬ್ರಷ್‌ನಿಂದ ತಿಕ್ಕಿದೆ.

ನಿಜಕ್ಕೂ ಮನಸ್ಸು ಒಡೆದಿದೆ. ತಗೊಂಡ ಮೊದಲ ದಿನ ಇದೇ ರೈಫಲ್ 100 ಗುಂಡನ್ನು ಒಂದೂ ಜಾಮ್ ಇಲ್ಲದೆ ಹಾರಿಸಿತ್ತು. ಅದೂ ಇದೇ 1,070ರ ತೋಟಾ.

ಮೂರನೇ_ಲೇನ್:
ಮೊದಲ ದಿನ ಚೆನ್ನಾಗಿತ್ತು ಅನ್ನೋದನ್ನು ಈಗ ಹೇಳುತ್ತಿದ್ದೀರಿ! ಇಡೀ ಚರ್ಚೆಯಲ್ಲಿ ಬೇಕಾಗಿದ್ದ ಮಾತು ಅದೇ. ಮೊದಲ ದಿನಕ್ಕೂ ಜಾಮ್ ಶುರುವಾದ ದಿನಕ್ಕೂ ನಡುವೆ ರೈಫಲ್‌ಗೆ ಏನು ಮಾಡಿದಿರಿ? ಸಣ್ಣದು ಅಂತ ಬಿಡಬೇಡಿ, ಎಲ್ಲಾ ಬರೆಯಿರಿ.

ಹೊಸಗುರಿ:
ಏನೂ ಮಾಡಿಲ್ಲ ಮೇಡಂ. ಸ್ಕೋಪ್ ಹಾಕಿಸಿಕೊಂಡೆ ಅಷ್ಟೇ, ಅದು ಎಲ್ಲರೂ ಮಾಡುವುದು. ಸ್ಕೋಪ್ ಕೂರಿಸುವ ಬೇಸ್‌ನ ಜೊತೆ ಎರಡು ಅಳತೆಯ ಸ್ಕ್ರೂ ಬಂದಿದ್ದವು. ಗಟ್ಟಿಯಾಗಿ ಹಿಡಿಯಲಿ ಅಂತ ಉದ್ದದವನ್ನು ಹಾಕಿದೆ.

ಮೂರನೇ_ಲೇನ್:
ಮ್ಯಾಗಝೀನ್ ತೆಗೆಯಿರಿ. ಚೇಂಬರ್ ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಆಮೇಲೆ ಬೋಲ್ಟನ್ನು ನಿಧಾನಕ್ಕೆ ಎಳೆದು ಬಿಡಿ. ಎಲ್ಲಾದರೂ ಉಜ್ಜಿದ ಹಾಗೆ ಕೈಗೆ ತಿಳಿಯುತ್ತದಾ? ತಿಳಿಯಲಿ ಬಿಡಲಿ, ಬೋಲ್ಟ್ ಹೊರಗೆ ತೆಗೆದು ಅದರ ನೆತ್ತಿ ನೋಡಿ. ಹೊಸ ಗೀರು ಇದೆಯಾ?

ಈ ವಿನ್ಯಾಸದಲ್ಲಿ ಸ್ಕೋಪ್ ಬೇಸ್‌ನ ತೂತುಗಳು ರಿಸೀವರ್ ಒಳಗಿನ ತನಕ ಹೋಗುತ್ತವೆ. ಸ್ಕ್ರೂ ಒಂದು ಸುತ್ತು ಉದ್ದವಾದರೂ ತುದಿ ಕೆಳಗೆ ಇಣುಕುತ್ತದೆ, ಬೋಲ್ಟ್ ಬೆನ್ನಿಗೆ ಉಜ್ಜುತ್ತದೆ. ಬೋಲ್ಟ್ ನಿಂತೇ ಹೋಗಲ್ಲ, ವೇಗ ಕಳೆದುಕೊಳ್ಳುತ್ತದೆ. ತೋಟಾದಿಂದ ತೋಟಾಕ್ಕೆ ಬಲ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಬಲ ಇದ್ದದ್ದು ದಾಟುತ್ತದೆ, ಕಡಿಮೆ ಇದ್ದದ್ದು ಸಿಕ್ಕಿಕೊಳ್ಳುತ್ತದೆ. ಮಿನಿ-ಮ್ಯಾಗ್‌ನಲ್ಲಿ ಜಾಮ್ ಅರ್ಧ ಆಗಿದ್ದೂ ಅದಕ್ಕೇ.

40ಗ್ರೇನ್:
ಇದು ನನಗೆ ಹೊಳೆಯಲಿಲ್ಲ. ಆದರೂ ತೋಟಾದ ಪಾತ್ರ ಇದ್ದೇ ಇದೆ ಅಲ್ವಾ ಮೇಡಂ.

ಮೂರನೇ_ಲೇನ್:
ಇದೆ. ಬೇರೆ ಎಲ್ಲಾ ಸರಿ ಇದ್ದಾಗ 1,070 ಈ ರೈಫಲ್‌ಗೆ ಸಾಲುತ್ತದೆ ಅಂತ ಮೊದಲ ದಿನವೇ ಗೊತ್ತಾಗಿದೆಯಲ್ಲ.

ಮಿಡ್‌ಲೆಂತ್:
ಫೋಟೊ ಹಾಕಿದ್ದೇನೆ. ಎಡಗಡೆ 10/22, ಬಲಗಡೆ ಎಆರ್. ಬೈಪಾಡ್ ಯಾವುದು ಅಂತ ಕೇಳುವವರಿಗೆ ಬೇರೆ ಚರ್ಚೆ ತೆರೆಯುತ್ತೇನೆ.

ಎಣ್ಣೆಬಟ್ಟೆ:
ಅದು ಒಳ್ಳೆಯದು, ಬೇರೆ ಕಡೆಯೇ ತೆರೆಯಿರಿ. ಹೊಸಗುರಿ, ಇನ್ನೊಂದು ಮಾತು, ಇದು ಜಾಮ್‌ಗೆ ಸಂಬಂಧಪಟ್ಟದ್ದಲ್ಲ. ಯಾವಾಗಲಾದರೂ ‘ಟಪ್’ ಅಂತ ಮೆತ್ತಗಿನ ಸದ್ದು ಬಂದರೆ ಮುಂದಿನ ಗುಂಡು ಹೊಡೆಯಲೇಬೇಡಿ. ಗುಂಡು ನಳಿಗೆಯೊಳಗೇ ಉಳಿದಿರಬಹುದು. ಟ್ರಿಗರ್ ಎಳೆದರೂ ಸದ್ದೇ ಬರದಿದ್ದರೆ ಗುರಿಯ ಕಡೆಗೇ ಹಿಡಿದುಕೊಂಡು ಅರ್ಧ ನಿಮಿಷವಾದರೂ ಕಾಯಿರಿ, ಆಮೇಲೆ ಬೋಲ್ಟ್ ಎಳೆಯಿರಿ. ಸೆಮಿ-ಆಟೊದಲ್ಲಿ ಅವಸರ ಬರುತ್ತದೆ, ಅದಕ್ಕೇ ಹೇಳಿದೆ.

ಹೊಸಗುರಿ:
ಮೇಡಂ, ಗೀರು ಇದೆ! ಬೋಲ್ಟ್ ನೆತ್ತಿಯ ಮೇಲೆ ಕಪ್ಪು ಬಣ್ಣ ಹೋಗಿ ಕೂದಲಿನಷ್ಟು ತೆಳು ಬಿಳಿ ಗೆರೆ, ನೇರಕ್ಕೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ರಿಸೀವರ್‌ನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ಸ್ಕ್ರೂವಿನ ತುದಿ ಅಕ್ಕಿಕಾಳಿನ ದಪ್ಪದಷ್ಟು ಹೊರಗೆ ಬಂದಿದೆ, ತುದಿ ಉಜ್ಜಿ ಮಿಂಚುತ್ತಿದೆ. ಉಳಿದ ಮೂರೂ ಒಳಗೇ ಇವೆ.

ನಾಲ್ಕನ್ನೂ ತೆಗೆದು ಗಿಡ್ಡ ಸ್ಕ್ರೂ ಹಾಕಿದೆ. ಈಗ ಬೋಲ್ಟ್ ಬಿಟ್ಟರೆ ‘ಟಕ್’ ಅನ್ನುವ ಗಟ್ಟಿ ಸದ್ದು. ಮೊದಲು ಹೀಗೆ ಇರುತ್ತಿತ್ತು, ನಡುವೆ ಮಂದವಾಗಿತ್ತು, ನಾನು ಗಮನಿಸಿರಲಿಲ್ಲ.

ಮೂರನೇ_ಲೇನ್:
ಗಿಡ್ಡ ಸ್ಕ್ರೂ ಎಷ್ಟು ಸುತ್ತು ಹಿಡಿಯುತ್ತದೆ ಅಂತ ಎಣಿಸಿ. ರಿಸೀವರ್ ಅಲ್ಯೂಮಿನಿಯಂ ಆಗಿದ್ದರೆ ಥ್ರೆಡ್ ಬೇಗ ಹಾಳಾಗುತ್ತದೆ, ಜೋರು ಹಾಕಬೇಡಿ. ಬೋಲ್ಟ್ ಮೇಲಿನ ಗೀರಿನ ಅಂಚನ್ನು ಬಹಳ ನಯವಾದ ಎಮರಿ ಪೇಪರ್‌ನಲ್ಲಿ ಎರಡು ಸಲ ಸವರಿ ಸಾಕು.

ಹೊಸಗುರಿ:
ರೇಂಜ್‌ನಿಂದ ಈಗ ಬಂದೆ. 1,070ರದ್ದೇ 100 ಗುಂಡು, ಒಂದೇ ಒಂದು ಜಾಮ್. ಎಷ್ಟು ಖುಷಿಯಾಗಿದೆ ಅಂತ ಹೇಳಲಾರೆ. ಮಾರುವ ಯೋಚನೆ ಬಿಟ್ಟೆ. ಬೇಸ್ ಬಿಚ್ಚಿದ್ದರಿಂದ ಗುರಿ ಎರಡು ಬೆರಳಷ್ಟು ಎಡಕ್ಕೆ ಹೋಗಿದೆ, ನಾಳೆ 25 ಮೀಟರ್‌ನಿಂದ ಮತ್ತೆ ಝೀರೊ ಮಾಡುತ್ತೇನೆ. ಮೇಡಂ, ತುಂಬಾ ಥ್ಯಾಂಕ್ಸ್. ಎಲ್ಲರಿಗೂ.

ಹಳೆ_ಬೋಲ್ಟ್:
ಸಂತೋಷ. ಆ ಒಂದು ಜಾಮ್‌ನ ಕೇಸ್ ಇಟ್ಟುಕೊಂಡಿದ್ದೀರಾ? ಅದರ ರಿಮ್‌ನ ಫೋಟೊ ಹತ್ತಿರದಿಂದ ತೆಗೆದು ಹಾಕಿ. ಎಕ್ಸ್‌ಟ್ರಾಕ್ಟರ್ ಕಚ್ಚಿದ ಗುರುತು ಹೇಗಿದೆ ಅಂತ ನೋಡಬೇಕು.