ಊರಿನ ಕಲೆ–ಸಂಸ್ಕೃತಿ ಯೋಜನೆಗೆ ಎಲ್ಲ ವಾರ್ಡ್‌ನವರ ಮಾತು ಸೇರಿಸೋದು ಹೇಗೆ? (ಚಿಕ್ಕಮಗಳೂರು)

ಕೋಟೆ ನಿವಾಸಿ:
ಮುಂದಿನ ಹತ್ತು ವರ್ಷಕ್ಕೆ ಊರಿಗೊಂದು ಕಲೆ–ಸಂಸ್ಕೃತಿ ಯೋಜನೆ ಬರೆದು ನಗರಸಭೆಗೆ ಕೊಡಬೇಕು ಅಂತ ಬಡಾವಣೆ ಸಂಘಗಳು ಹೊರಟಿವೆ. ಕುವೆಂಪು ಕಲಾಮಂದಿರದಲ್ಲಿ ಸಭೆ ಕರೆದರೆ ಬರೋದು ಹೇಗೂ ನಾಟಕ, ಸಂಗೀತಕ್ಕೆ ಬರುವವರೇ. 35 ವಾರ್ಡ್‌ಗಳಲ್ಲಿ ಉಳಿದವರನ್ನು ಕೇಳೋದು ಹೇಗೆ? ಯಾವ ತಿಂಗಳು ಸರಿ?

ಮಲ್ಲಂದೂರು ರಸ್ತೆ:
ಸಭೆ ಕರೆಯಬೇಡಿ, ಜನ ನಿಲ್ಲುವ ಕಡೆಗೆ ನೀವೇ ಹೋಗಿ. ನ್ಯಾಯಬೆಲೆ ಅಂಗಡಿಯ ಸಾಲು, ಅಂಗನವಾಡಿ ಬಿಡುವ ಹೊತ್ತು, ಸಂತೆ. ಒಂದು ಮೇಜು, ಮುಚ್ಚಳಕ್ಕೆ ಸೀಳು ಕೊಯ್ದ ಆರು ತಗಡಿನ ಡಬ್ಬ ಸಾಕು. ಐದು ಡಬ್ಬಕ್ಕೆ ಒಂದೊಂದು ಬೇಡಿಕೆ, ಅಕ್ಷರದ ಜೊತೆ ಚಿತ್ರವೂ ಇರಲಿ: ಮಕ್ಕಳ ರಂಗಶಿಬಿರ, ಡೊಳ್ಳು–ವೀರಗಾಸೆ ಅಭ್ಯಾಸಕ್ಕೆ ಜಾಗ, ಹೀಗೆ. ಆರನೆಯದರ ಮೇಲೆ ಏನೂ ಬರೆಯಬೇಡಿ, ಅದಕ್ಕೆ ಹಾಕಿದವರ ಬೇಡಿಕೆಯನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಒಬ್ಬರಿಗೆ ಐದು ಬೀಜ, ತಮಗೆ ಬೇಕಾದ ಡಬ್ಬಕ್ಕೆ ಹಾಕಲಿ. ಹೆಂಗಸರಿಗೆ ಹುಣಸೆ ಬೀಜ, ಗಂಡಸರಿಗೆ ಅವರೆಕಾಳು, 18ರ ಒಳಗಿನವರಿಗೆ ಮೆಕ್ಕೆಜೋಳ. ಸಂಜೆ ಸುರಿದು ಎಣಿಸಿದರೆ ಯಾರು ಏನು ಕೇಳಿದರು ಅಂತ ಬೇರೆ ಬೇರೆಯಾಗಿ ಸಿಗುತ್ತೆ. ಗಾಜಿನ ಬಾಟಲಿ ಮಾತ್ರ ಬೇಡ. ತುಂಬಿದ್ದು ಕಣ್ಣಿಗೆ ಬಿದ್ದರೆ ಮುಂದಿನವರೂ ಅದಕ್ಕೇ ಹಾಕ್ತಾರೆ. ಮೇಜಿನ ಹಿಂದೆ ಹೆಂಗಸರೂ ಕೂತಿರಲಿ, ಆ ಬೀದಿಯ ಮನೆಮಾತು ಬರುವವರೊಬ್ಬರು ಇರಲೇಬೇಕು.

ಕಾಫಿ ಕಣ:
ತಿಂಗಳಿನ ವಿಚಾರ. ನವೆಂಬರ್‌ನಿಂದ ಅರೇಬಿಕಾ ಕಾಫಿ, ಆಮೇಲೆ ರೋಬಸ್ಟಾ, ಮಾರ್ಚ್‌ವರೆಗೂ ಕೊಯ್ಲು. ತೋಟದ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಆಗ ಯಾರಿಗೂ ಪುರುಸೊತ್ತಿಲ್ಲ. ಜೂನ್‌ನಿಂದ ಮಳೆ. ಏಪ್ರಿಲ್–ಮೇ ಒಂದೇ ಸರಿ, ಮಕ್ಕಳಿಗೂ ರಜೆ. ಆದರೆ ಅಲ್ಲಿಗೇ ಬಿಟ್ಟರೆ ಕೆಟ್ಟಿತು. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು, ಬಜೆಟ್ ಅದಕ್ಕೂ ಮೊದಲೇ ಆಗುತ್ತೆ. ಹಾಗಾಗಿ ಮಳೆಗಾಲದಲ್ಲಿ ಕರಡು ಬರೆದು, ಡಿಸೆಂಬರ್ ಒಳಗೆ ಅಂದಾಜು ವೆಚ್ಚದ ಸಮೇತ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಅದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೆಲಸ’ ಅಂದರೆ ಸಂವಿಧಾನದ 12ನೇ ಅನುಸೂಚಿ, ಅಂದರೆ ನಗರಸಭೆಯಂಥ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿ ತೋರಿಸಿ. 74ನೇ ತಿದ್ದುಪಡಿಯಲ್ಲಿ ಸೇರಿದ ಆ ಪಟ್ಟಿಯ 13ನೇ ವಿಷಯವೇ ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯಾತ್ಮಕ ಅಂಶಗಳಿಗೆ ಪ್ರೋತ್ಸಾಹ.

ಬಯಲಾಟ:
ಬೀಜದ ಲೆಕ್ಕ ಚೆನ್ನಾಗಿದೆ, ಆದರೆ ಅದೊಂದೇ ಸಾಲದು. ‘ನಿಮಗೇನು ಬೇಕು’ ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ‘ಭವನ ಬೇಕು’ ಅಂತಾರೆ. ಕಣ್ಣಿಗೆ ಕಾಣುವ ಅನುದಾನ ಅದೇ ತಾನೆ. ಕಟ್ಟಿದ ಮೇಲೆ ಕರೆಂಟ್ ಬಿಲ್ಲು, ಕಾವಲುಗಾರನ ಸಂಬಳ ಯಾರ ಲೆಕ್ಕಕ್ಕೂ ಬರಲ್ಲ, ಬೀಗ ಬೀಳುತ್ತೆ. ಅದರ ಬದಲು ಹೋದ ವರ್ಷ ಯಾವ ಬಯಲಾಟ, ಯಾವ ಮೇಳ ನೋಡಿದಿರಿ, ವಾಪಸ್ ಮನೆಗೆ ಹೇಗೆ ಬಂದಿರಿ, ಹೋಗದಿದ್ದರೆ ತಡೆದದ್ದು ಏನು ಅಂತ ಕೇಳಿ. ರಾತ್ರಿ ಬಸ್ಸಿಲ್ಲ, ಶೌಚಾಲಯವಿಲ್ಲ, ಬಾಡಿಗೆ ಜಾಸ್ತಿ, ಇಂಥವು ಹೊರಗೆ ಬರುತ್ತವೆ. ಇವುಗಳಲ್ಲಿ ಎಷ್ಟೋ ಭವನಕ್ಕಿಂತ ಅಗ್ಗವಾಗಿ ಸರಿಹೋಗುತ್ತವೆ.

ಇನ್ನೊಂದು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ರಾಜ್ಯ ಸರ್ಕಾರ ಸಡಿಲಿಸಬಹುದು. ಇಡೀ ರಾತ್ರಿಯ ಆಟ ಆಡುವವರಿಗೆ ಇದು ದೊಡ್ಡ ವಿಷಯ. ಯಾವ ದಿನಗಳಿಗೆ ಸಡಿಲಿಕೆ ಕೇಳಬೇಕು ಅನ್ನೋದನ್ನು ಮೇಳದವರು, ಅಕ್ಕಪಕ್ಕದ ಮನೆಯವರು ಇಬ್ಬರನ್ನೂ ಕೂರಿಸಿ ಗೊತ್ತುಮಾಡಿ.

ಮಲ್ಲಂದೂರು ರಸ್ತೆ:
ಬಯಲಾಟದವರ ಮಾತು ಸರಿ. ಆರನೇ ಡಬ್ಬದವರಿಗೆ ಆ ಮೂರು ಪ್ರಶ್ನೆಗಳನ್ನೇ ಕೇಳಿ. ಎಣಿಕೆಯಾದ ಮೂರು ವಾರದೊಳಗೆ ಅದೇ ಅಂಗಡಿ ಗೋಡೆಗೆ ದೊಡ್ಡ ಹಾಳೆ ಅಂಟಿಸಿ: ನೀವು ಹೇಳಿದ್ದು, ಕರಡಿಗೆ ಸೇರಿದ್ದು, ಸೇರದ್ದು, ಯಾಕೆ ಸೇರಲಿಲ್ಲ. ಆ ಹಾಳೆ ಬರದಿದ್ದರೆ ಮರುವರ್ಷ ಬೀಜ ಹಿಡಿಯೋಕೂ ಯಾರೂ ಕೈ ಚಾಚಲ್ಲ.