ಮಣ್ಣಿನ ಗೋಡೆ, ಹಳೇ ಹಂಚು: ಮಳೆಗೆ ಮುಂಚೆ ಭದ್ರ ಮಾಡೋಕೆ ಸರ್ಕಾರದ ದುಡ್ಡು ಸಿಗುತ್ತಾ?

ಸೋಗೆ
ತೀರ್ಥಹಳ್ಳಿ ಕಡೆ ಅತ್ತೆ ಮನೆ. 26×18 ಅಡಿ, ಮಣ್ಣಿನ ಗೋಡೆ, ಮಂಗಳೂರು ಹಂಚು. ಪಶ್ಚಿಮದ ಗೋಡೆ ಬುಡದಲ್ಲಿ ಉಬ್ಬಿದೆ, ಹಂಚು ಕೂರೋ ಮರದ ರೀಪು ಅರ್ಧ ಲಡ್ಡಾಗಿದೆ. ಬಿಪಿಎಲ್ ಕಾರ್ಡಿದೆ. ಸರ್ಕಾರಿ ಜಾಗದಲ್ಲಿರೋ ಮನೆ ಸಕ್ರಮ ಮಾಡ್ಕೊಡಿ ಅಂತ 94ಸಿ ಅರ್ಜಿ ಕೊಟ್ಟಿದ್ದೇವೆ, ಹಕ್ಕುಪತ್ರ ಬಂದಿಲ್ಲ. ದುರಸ್ತಿಗೆ ಏನಾದ್ರೂ ಸಿಗುತ್ತಾ, ಇಲ್ಲಾ ಹೊಸ ಮನೆಗೇ ಅರ್ಜಿ ಹಾಕೋದಾ? ಮಾಡಿಸಿದವರು ಹೇಳಿ.

ಜಂಬಿಟ್ಟಿಗೆ
ಬೀಳೋ ಮುಂಚೆ ಯಾರೂ ಒಂದು ರೂಪಾಯಿ ಕೊಡಲ್ಲ. ಬಿದ್ದ ಮೇಲೆ ವಿಪತ್ತು ನಿಧಿಯ ಪರಿಹಾರ. ಕನಿಷ್ಠ ಶೇ. 15 ಹಾನಿ ಅಂತ ಬರೆದ್ರೆ ಪಕ್ಕಾ ಮನೆಗೆ 6,500, ಕಚ್ಚಾಗೆ 4,000. ನಮಗೆ 6,500 ಬಂತು. ಬಿದ್ದದ್ದು 10 ಅಡಿ ಉದ್ದ, 9 ಅಡಿ ಎತ್ತರ. ಕಲ್ಲು 125, ತಲಾ 45ರಂತೆ 5,625. ಸಿಮೆಂಟ್ 5 ಚೀಲ 2,000. ಎಂ-ಸ್ಯಾಂಡ್ ಒಂದು ಪಿಕಪ್ 3,500. ಗಾರೆಯವರಿಬ್ಬರು 3 ದಿನ 6,600, ಕೈಯಾಳು 2,100. ಒಟ್ಟು 19,825. ಪರಿಹಾರ ಕಲ್ಲಿನ ಲೆಕ್ಕ ದಾಟಿದ್ದೇ 875 ರೂಪಾಯಿ. ಅದೂ ಆಧಾರ್ ಜೋಡಣೆಯಾಗಿದ್ದ ಹಳೇ ಖಾತೆಗೆ ಹೋಗಿ ಕೂತಿತ್ತು. ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತೆ ಅಂತ ನಂಬಬೇಡಿ. ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ ಅಂತ ಮೊದಲೇ ನೋಡಿ.

ಮಹಜರು
ಅವರು ಬಿಟ್ಟ ಮಾತು: ಬಿದ್ದ ಮಣ್ಣನ್ನ ಎತ್ತಬೇಡಿ. ಗ್ರಾಮ ಆಡಳಿತಾಧಿಕಾರಿಗೆ ಅದೇ ದಿನ ತಿಳಿಸಿ, ಪಂಚಾಯ್ತಿ ಇಂಜಿನಿಯರ್ ಜೊತೆ ಜಂಟಿ ಪರಿಶೀಲನೆ ಆಗೋವರೆಗೆ ಟಾರ್ಪಾಲು ಮಾತ್ರ. ನಾಲ್ಕೂ ಕಡೆ ಫೋಟೋ, ಒಂದರಲ್ಲಿ ಮನೆ ನಂಬರ್ ಕಾಣ್ಬೇಕು. ವರದಿಯಲ್ಲಿ ಶೇಕಡಾವಾರು ಏನು ಬರೆದ್ರು ಅಂತ ಅಲ್ಲೇ ಓದಿ, ಆಮೇಲೆ ಸಹಿ. ವಿಪತ್ತು ನಿಧಿ ಲೆಕ್ಕದಲ್ಲಿ ಪೂರ್ತಿ ಬಿದ್ದರೆ 1.20 ಲಕ್ಷ, ಭಾಗಶಃ ಅಂದ್ರೆ ಆ ಸಾವಿರಗಳೇ.

94ಸಿ ವಿಷಯ. ಮನೆ ಅಧಿಕೃತ ಅಂತ ಸಕ್ಷಮ ಪ್ರಾಧಿಕಾರ ದೃಢೀಕರಿಸಿರಬೇಕು ಅಂತ ವಿಪತ್ತು ನಿಧಿ ಮಾರ್ಗಸೂಚಿಯಲ್ಲೇ ಇದೆ. ಅರ್ಜಿ ಬಾಕಿ ಇದ್ರೆ ಅಲ್ಲೇ ಸಿಕ್ಕಿಕೊಳ್ತದೆ.

ಜಂಬಿಟ್ಟಿಗೆ
ನಮ್ಮಲ್ಲಿ ಕಂದಾಯದ ರಸೀದಿ, ಕರೆಂಟ್ ಬಿಲ್ ಇಟ್ಟೇ ಆಯ್ತು. ಸುಮ್ನೆ ಹೆದರಿಸಬೇಡಿ.

ಮಹಜರು
ಆಯ್ತು ಅನ್ನೋದು ಬೇರೆ, ಆಗ್ಲೇಬೇಕು ಅನ್ನೋದು ಬೇರೆ. ನಾಳೆ ಆಡಿಟ್ ಆದಾಗ ವಾಪಸ್ ಕಟ್ಟು ಅಂದ್ರೆ ನೀವು ಕಟ್ತೀರಾ?

ಸೆಂಟ್ರಿಂಗ್
6,500ಕ್ಕೆ ಅಳೋದು ಬಿಟ್ಟು ಪ್ರಧಾನಮಂತ್ರಿ ಆವಾಸ್ ಯೋಜನೆ ಮನೆ ಕಟ್ಟಿ. ಗ್ರಾಮೀಣಕ್ಕೆ 1.20 ಲಕ್ಷ, ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ, ಶೌಚಾಲಯಕ್ಕೆ 12,000. ಕನಿಷ್ಠ 25 ಚದರ ಮೀಟರ್. ನಮಗೆ ಕಂತು ಬಂದದ್ದು ಹಂತದ ಜಿಪಿಎಸ್ ಫೋಟೋ ಆದ ಮೇಲೆ, ಹಾಗಾಗಿ ಪಾಯಕ್ಕೆ ಕೈಯಿಂದ್ಲೇ ಹಾಕಿದ್ವಿ. ನಮ್ಮದು ಮುಗಿಯೋವಾಗ 4.6 ಲಕ್ಷ, ಒಂದು ಹನಿ ಸೋರಿಲ್ಲ. 5 ಇಂಚು ಸ್ಲ್ಯಾಬ್, ಸೆಂಟ್ರಿಂಗ್ 14 ದಿನ ಬಿಚ್ಚಲಿಲ್ಲ. 8 ಅಡಿಗೆ 1 ಇಂಚು ಇಳಿಜಾರು, 4 ಇಂಚಿನ ಪೈಪು ಎರಡು, ಪ್ಯಾರಪೆಟ್ ಮೂಲೆಗೆ ಗೋಲಾ, ಅಂದ್ರೆ ಸಿಮೆಂಟಿನ ದುಂಡು ಅಂಚು. 48 ಗಂಟೆ ನೀರು ಕಟ್ಟಿ ನಿಲ್ಲಿಸಿ ನೋಡಿ ಆಮೇಲೆ ಬಣ್ಣ. ಸೋರೋ ಸ್ಲ್ಯಾಬೆಲ್ಲ ಒಂದೇ ಪೈಪು ಇಟ್ಟವರದ್ದು. ಎಲೆ ಬಿದ್ದು ಕಟ್ಕೊಂಡ್ರೆ ಮುಗೀತು, ಕೊಳ.

ಮಾಡಿನ ಮೇಸ್ತ್ರಿ
ಆಗುಂಬೆ ಸುತ್ತ ಹೋಗಿ ನೋಡಿ ಸ್ವಾಮಿ. ಸ್ಲ್ಯಾಬ್ ಹಾಕಿದವರೆಲ್ಲ ನಾಲ್ಕು ವರ್ಷಕ್ಕೆ ಅದರ ಮೇಲೆ ತಗಡಿನ ಮಾಡು ಹೊದಿಸಿದ್ದಾರೆ. ಒಂದು ಮನೆಗೆ ಎರಡು ಸೂರು.

ಕೊನೇಗೆ ಮಾಡಿದ ಕೆಲಸ: 890 ಚದರ ಅಡಿ ಮಾಡು, ಹಂಚು 1,250. ಹಳೇದರಲ್ಲಿ 900 ಬಚಾವ್. ಪಾಚಿ ಉಜ್ಜಿ, ಬೆರಳಿಂದ ತಟ್ಟಿ. ಠಣ್ ಅಂದ್ರೆ ಇಟ್ಕೊಳ್ಳಿ, ಡಬ್ ಅಂದ್ರೆ ಬಿರುಕಿದೆ. ರೀಪಿನ ಅಂತರ ಹನ್ನೆರಡೂವರೆ ಇಂಚು. ಅರ್ಧ ಇಂಚು ಹೆಚ್ಚಾದ್ರೂ ಗಾಳಿಮಳೆ ಸಂದಿನಲ್ಲಿ ಒಳಗೆ ಹೊಡೆಯುತ್ತೆ. ಸೂರು ಗೋಡೆಯಿಂದ 3 ಅಡಿ ಹೊರಗೆ.

ಮಣ್ಣಿನ ಗೋಡೆ ಬುಡ ಉಬ್ಬೋದು ಮಳೆಗಲ್ಲ, ಸಿಮೆಂಟ್ ಪ್ಲಾಸ್ಟರಿಗೆ. ಒಳಗೆ ಹೋದ ನೀರಿಗೆ ಹೊರಗೆ ದಾರಿಯಿಲ್ಲ, ಮಣ್ಣು ಹಿಟ್ಟಾಗುತ್ತೆ. ಪ್ಲಾಸ್ಟರ್ ಕೆತ್ತಿ, ಗೋಡೆಯಿಂದ 2 ಅಡಿ ಆಚೆ ಚರಂಡಿ ತೋಡಿ. ಮಳೆಗಾಲಕ್ಕೆ ಪಶ್ಚಿಮಕ್ಕೆ ಅಡಿಕೆ ಸೋಗೆ ತಟ್ಟಿ. ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಟ್ಟು ಕಟ್ಟಿ.

ಸೆಂಟ್ರಿಂಗ್
ಪ್ರತಿ ವರ್ಷ ಸೋಗೆ ಕಟ್ಟೋಕೆ, ಮಂಗ ಓಡಾಡಿದ ಹಂಚು ಸರಿಮಾಡೋಕೆ ಅತ್ತೆ ಮಾಡು ಹತ್ತಬೇಕಾ?

ಜಂಬಿಟ್ಟಿಗೆ
ಅದಿರಲಿ, ಗುಡ್ಡಗಾಡಿಗೆ 1.30 ಲಕ್ಷ ಇದೆಯಲ್ಲ. ಮಲೆನಾಡು ಗುಡ್ಡ ಅಲ್ವಾ?

ಮಹಜರು
ಅಲ್ಲ. ಅದು ಹಿಮಾಚಲ, ಉತ್ತರಾಖಂಡ, ಈಶಾನ್ಯದ ರಾಜ್ಯಗಳಿಗೆ. ಕರ್ನಾಟಕ ಪೂರ್ತಿ ಬಯಲು ಲೆಕ್ಕ.

ಜಂಬಿಟ್ಟಿಗೆ
ಕಲ್ಲು ತಲೆ ಮೇಲೆ ಹೊತ್ತು ಹತ್ತಿಸಿದವರಿಗೆ ಬಯಲು ಅನ್ನಿ! ನೆರೆ ಬಂದ ಕಡೆ ಮಾತ್ರ 5 ಲಕ್ಷ ಕೊಟ್ರು.

ಮಾಳಿಗಿ ಮಂದಿ
ಏ ತಮ್ಮಾ, 2019ರ ನೆರಿ ನೋಡಿಯೇನು? 5 ಲಕ್ಷ ಪೂರಾ ಬಿದ್ದ ಎ ವರ್ಗಕ್ಕ, ಅದೂ ಹಂತ ಹಂತ. ಸಣ್ಣ ಹಾನಿ, ಸಿ ವರ್ಗ ಅಂತ ಬರದ್ರ 50,000 ಅಷ್ಟ. ಎರೀ ಮಣ್ಣಾಗ ಪಾಯಾ 5 ಫೂಟ್ ಇಳಿಸೂದ್ರಾಗನ ಮೊದಲನೇ ಕಂತು ಖಲಾಸ್. ಮಾಳಿಗಿ ಮನಿ ಮಂದೀದು ಇನ್ನೂ ತ್ರಾಸ. ತೊಲಿ, ಜಂತಿ, ಬೇವಿನ ತಪ್ಪಲ, ಮ್ಯಾಲ ಗೇಣು ಸವಳ ಮಣ್ಣು, ಉಪ್ಪಿನಂಶದ್ದು. ವರ್ಷಾ ಮಿರಗದ ಮಳಿಗಿಂತ ಮೊದಲ ಹೊಸಾ ಮಣ್ಣ ಬಡೀಬೇಕು. ಸವಳ ಅಲ್ಲದ ಮಣ್ಣ ಹಾಕಿದ್ರ ಹುಲ್ಲು ಬೆಳದು ಬೇರಿನ ಗುಂಟ ನೀರ ಇಳೀತದ. ಜಂತಿ ಒಳಗ ಲಡ್ಡಾಗಿದ್ದು ಹೊರಗ ಕಾಣೂದಿಲ್ಲ. ಅದಕ್ಕ ಯಾವ ಇಂಜಿನಿಯರೂ ಶೇಕಡಾ ಬರಿಯೂದಿಲ್ಲ.

ಸೋಗೆ
ಮೇಸ್ತ್ರಿಯವರೇ, ಪ್ಲಾಸ್ಟರ್ ಕೆತ್ತಿದೆ. ಎರಡು ಅಡಿ ಎತ್ತರದವರೆಗೆ ಒಳಗೆ ಹಸಿ, ಬೆರಳು ಇಳಿಯುತ್ತೆ. ರೀಪಿಗೆ ಮರದ ಬದಲು ಜಿಐ ಪೈಪು ಹಾಕಬಹುದಾ?

ಮಾಡಿನ ಮೇಸ್ತ್ರಿ
ಹಾಕಿ, ಚೌಕದ್ದು, ಮುಕ್ಕಾಲು ಇಂಚಿನದ್ದು. ದುಂಡಗಿನದ್ದಾದ್ರೆ ಹಂಚಿನ ಕಿವಿ ಹಿಡಿಯಲ್ಲ, ಜಾರುತ್ತೆ. ವೆಲ್ಡಿಂಗ್ ಆದ ಕಡೆಯೆಲ್ಲ ರೆಡ್ ಆಕ್ಸೈಡ್ ಹಚ್ಚಿಸಿ. ತುಕ್ಕು ಅಲ್ಲಿಂದ್ಲೇ ಶುರು.

ಸೆಂಟ್ರಿಂಗ್
ನಮ್ಮ ಪಕ್ಕದ ಮನೇದು ಚೌಕದ್ದೇ. ಜಾರಿದೆ.

ಮಾಡಿನ ಮೇಸ್ತ್ರಿ
ಮೂಲೆ ಹಂಚಿಗೆ ತಂತಿ ಬಿಗಿಯದಿದ್ರೆ ಜಾರದೇ ಇನ್ನೇನು ಮಾಡುತ್ತೆ?