ಅಕ್ಕ ಒಬ್ಬಳೇ ಅಮ್ಮನನ್ನು ನೋಡಿಕೊಳ್ತಿದ್ದಾಳೆ, ಮರೆವಿನ ಕಾಯಿಲೆ ಮುಂದುವರಿದಿದೆ. ದೂರದಿಂದ ನಾನೇನು ಮಾಡಬಹುದು?

ಪುಣೆಯಿಂದ_ತಮ್ಮ

ಅಮ್ಮನಿಗೆ 78. ಅಲ್ಜೈಮರ್ ಅಂತ ಗೊತ್ತಾಗಿ ಇದು ಆರನೇ ವರ್ಷ. ಕೋಲಾರದಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಕೈ ಹಿಡಿದರೆ ನಡೀತಾರೆ, ನಮ್ಮ ಗುರುತಿಲ್ಲ. ಸ್ನಾನ ಅಂದ್ರೆ ಕಿರುಚಿ ಕೈ ಬೀಸ್ತಾರೆ. ಸಂಜೆ ಐದೂವರೆ ಆದರೆ "ಮನೆಗೆ ಹೋಗ್ಬೇಕು" ಅಂತ ಬಾಗಿಲ ಹತ್ರ ನಿಲ್ತಾರೆ. ಒಂದು ತಿಂಗಳಿಂದ ಊಟದ ಮಧ್ಯೆ ಕೆಮ್ಮು. ಅಕ್ಕನಿಗೆ 54, ರಾತ್ರಿ ಮೂರು ಸಲ ಏಳ್ತಾಳೆ. ನಾನು ದುಡ್ಡು ಕಳಿಸ್ತೀನಿ, ಅದು ಸಾಲದು ಅಂತ ಗೊತ್ತು. ಅವಳ ಭಾರ ನಿಜವಾಗಿ ಇಳಿಯೋ ದಾರಿ ಹೇಳಿ.

ಶುಶ್ರೂಷಕಿ_ಹಾಸನ

ಎಲ್ಲಕ್ಕಿಂತ ಮೊದಲು ಆ ಕೆಮ್ಮು. ಈ ಹಂತದಲ್ಲಿ ನುಂಗೋ ಕ್ರಮವೇ ತಪ್ಪಿ, ಅನ್ನದ ಅಗುಳು, ನೀರು ಶ್ವಾಸನಾಳಕ್ಕೆ ಇಳಿಯುತ್ತೆ. ನ್ಯುಮೋನಿಯಾ ಬರೋದು ಹೀಗೇ.

ನಿಮ್ಮ ಕಡೆ ಊಟದಲ್ಲಿ ಎರಡು ಪದಾರ್ಥ ಇವರಿಗೆ ಆಗಿಬರಲ್ಲ. ಒಂದು ತಿಳಿಸಾರು ಅನ್ನ. ಬಾಯಿ ಇನ್ನೂ ಅಗುಳು ಅಗಿಯುತ್ತಿರುವಾಗಲೇ ಸಾರು ಗಂಟಲಿಗೆ ಜಾರಿಬಿಡುತ್ತೆ. ಇನ್ನೊಂದು ಮುದ್ದೆ. ಅಗಿಯದೆ ನುಂಗೋ ಅಭ್ಯಾಸ ಉಳಿದಿರುತ್ತೆ, ನುಂಗೋ ಬಲ ಉಳಿದಿರಲ್ಲ. ಗಂಟಲಲ್ಲಿ ಅಂಟಿಕೊಂಡರೆ ಉಸಿರಿಗೇ ಕುತ್ತು. ಮುದ್ದೆ ಬದಲು ಗಂಟಿಲ್ಲದ ಗಟ್ಟಿ ಅಂಬಲಿ ಕೊಡಿ. ಚಮಚ ಓರೆ ಮಾಡಿದರೆ ನೀರಿನ ಹಾಗೆ ಸುರಿಯಬಾರದು, ಮೆಲ್ಲಗೆ ಜಾರಬೇಕು, ಅಷ್ಟು ಹದ. ಅನ್ನ ಮೆತ್ತಗೆ ಬೇಯಿಸಿ ಗಟ್ಟಿ ತೊವ್ವೆಯಲ್ಲಿ ಕಿವುಚಿ. ಮಂಡಕ್ಕಿ, ಕಡಲೆಬೀಜ ಮನೆಯಲ್ಲಿ ಕೈಗೆ ಸಿಗೋ ಕಡೆ ಇಡಲೇಬೇಡಿ.

ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಅಕ್ಕನೂ ಎದುರಿಗೆ ಅದೇ ಎತ್ತರದಲ್ಲಿ ಕೂರಲಿ. ನಿಂತು ತಿನ್ನಿಸಿದರೆ ಅಮ್ಮ ಕತ್ತು ಮೇಲೆತ್ತುತ್ತಾರೆ, ಶ್ವಾಸನಾಳ ತೆರೆದುಕೊಳ್ಳುತ್ತೆ. ಟೀ ಚಮಚದಲ್ಲಿ ಅರ್ಧ ಸಾಕು. ಗಂಟಲು ಮೇಲೆದ್ದು ಇಳಿದದ್ದು ಕಣ್ಣಿಗೆ ಕಂಡ ಮೇಲೆ ಮುಂದಿನದು. ಮುಗಿದ ಮೇಲೆ ಕೆನ್ನೆಯೊಳಗೆ ತುತ್ತು ಉಳಿದಿದೆಯಾ ನೋಡಿ, ಒದ್ದೆ ಬಟ್ಟೆಯಿಂದ ಒಸಡು ಒರೆಸಿ, ಅರ್ಧ ಗಂಟೆ ಮಲಗಿಸಬೇಡಿ. ಊಟದ ನಂತರ ದನಿ ಗುಳುಗುಳು ಅಂತ ಒದ್ದೆಯಾಗಿ ಕೇಳಿದರೆ, ಸಣ್ಣ ಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಮಾತ್ರೆ ಪುಡಿ ಮಾಡೋ ಮುಂಚೆ ಕೇಳಿ. ನಿಧಾನವಾಗಿ ಕರಗೋ ಮಾತ್ರೆ ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಸೇರುತ್ತೆ.

ಹೀಗೆ ತಿನ್ನಿಸೋಕೆ ಹೊತ್ತಿಗೆ 40 ನಿಮಿಷ, ದಿನಕ್ಕೆ ಎರಡು ಗಂಟೆ. ನಿಮ್ಮ ದುಡ್ಡು ಮೊದಲು ಹೋಗಬೇಕಾದ್ದು ಇಲ್ಲಿಗೆ: ಅಡುಗೆಗೆ, ಬಟ್ಟೆ ಒಗೆಯೋಕೆ ಜನ ಇಡಿ. ಅಮ್ಮನ ಕೆಲಸದ ಜೊತೆ ಇಡೀ ಮನೆ ಕೆಲಸವೂ ಅಕ್ಕನ ಮೇಲಿದ್ದರೆ ಯಾವ ಸಲಹೆಯೂ ನಡೆಯಲ್ಲ.

ಇನ್ನೊಂದು. ಮುಂದೆ ಊಟ ಕೊಡೋಕೆ ಮೂಗಿಗೆ ನಳಿಗೆ ಹಾಕೋ ಮಾತು ಬರುತ್ತೆ. ಡಿಮೆನ್ಷಿಯಾ ಅಂದ್ರೆ ಈ ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ನಳಿಗೆಯಿಂದ ನ್ಯುಮೋನಿಯಾ ತಪ್ಪಲ್ಲ, ಆಯಸ್ಸು ಹೆಚ್ಚುತ್ತೆ ಅನ್ನೋದಕ್ಕೂ ಆಧಾರ ಇಲ್ಲ. ಕಿತ್ತುಹಾಕ್ತಾರೆ ಅಂತ ಕೈ ಕಟ್ಟೋ ಸ್ಥಿತಿ ಬರುತ್ತೆ. ಅಕ್ಕ ತಮ್ಮ ಈಗಲೇ ಕೂತು ಮಾತಾಡಿಕೊಳ್ಳಿ. ಐಸಿಯು ಬಾಗಿಲಲ್ಲಿ ಅವಳೊಬ್ಬಳೇ ನಿರ್ಧಾರ ಮಾಡೋ ಹಾಗೆ ಬಿಡಬೇಡಿ.

ಮಲ್ಲಿಗೆಹಂಬು

ಸ್ನಾನದ ಬಗ್ಗೆ. ಚೊಂಬಿನಿಂದ ತಲೆ ಮೇಲೆ ಸುರಿಯೋದನ್ನ ನಿಲ್ಲಿಸಿ. ನೀರು ಎಲ್ಲಿಂದ ಬಿತ್ತು ಅಂತ ಅವರಿಗೆ ತಿಳಿಯಲ್ಲ, ಯಾರೋ ಹೊಡೆದ ಹಾಗೆ ಅನಿಸುತ್ತೆ. ಕೈ ಇರೋ ಪ್ಲಾಸ್ಟಿಕ್ ಕುರ್ಚಿ, ಕೆಳಗೆ ರಬ್ಬರ್ ಮ್ಯಾಟ್, ಹೆಗಲ ಮೇಲೆ ಟವೆಲ್. ಪಾದದಿಂದ ಶುರು ಮಾಡಿ ಮಂಡಿ, ತೊಡೆ ಅಂತ ಮೇಲಕ್ಕೆ ಬನ್ನಿ, ಟವೆಲ್ ಮೇಲೆಯೇ ಬಿಸಿನೀರು ಹಾಕಿ. ತಲೆಸ್ನಾನ ಬೇರೆ ದಿನ. ವಾರಕ್ಕೆ ಎರಡು ಸ್ನಾನ ಸಾಕು, ಉಳಿದ ದಿನ ಮೈ ಒರೆಸಿದರೆ ಆಯ್ತು. ಬಚ್ಚಲ ಒಳಗಿನ ಚಿಲಕ ಇವತ್ತೇ ತೆಗೆಸಿ.

ಸಂಜೆ "ಇದೇ ನಿನ್ನ ಮನೆ" ಅಂತ ವಾದ ಮಾಡಿದರೆ ಗಾಬರಿ ಜಾಸ್ತಿಯಾಗುತ್ತೆ. "ಹೋಗೋಣಮ್ಮ, ಮೊದಲು ಈ ಸೊಪ್ಪು ಬಿಡಿಸಿಕೊಡಿ" ಅಂತ ಕೈಗೆ ಏನಾದರೂ ಕೊಡಿ. ಕತ್ತಲಾಗೋ ಮುಂಚೆ, ಐದಕ್ಕೇ ದೀಪ ಹಾಕಿ ಪರದೆ ಎಳೆಯಿರಿ. ಕನ್ನಡಿಗೆ ಬಟ್ಟೆ ಹೊದಿಸಿ, ಒಳಗಿರೋದು ಪರರು ಅಂದುಕೊಳ್ತಾರೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟದಿರಲಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ.

ಆದರೆ ಒಂದೆರಡು ದಿನದಲ್ಲೇ ಗೊಂದಲ, ಗಾಬರಿ ದಿಢೀರ್ ಅಂತ ಹೆಚ್ಚಾದರೆ ಅದನ್ನ ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರೋದು, ಸೋಡಿಯಂ ಇಳಿದಿರೋದು, ಹೊಸ ಔಷಧಿ, ಇವನ್ನ ಹುಡುಕಬೇಕು. ನೆಗಡಿ ಮಾತ್ರೆಯಲ್ಲಿರೋ ಕ್ಲೋರ್‌ಫೆನಿರಮೈನ್ ಒಂದೇ ಸಾಕು ಗೊಂದಲ ಹೆಚ್ಚಿಸೋಕೆ. "ನಿದ್ದೆಗೆ ಏನಾದರೂ ಕೊಡಿ" ಅಂತ ಮೆಡಿಕಲ್ ಶಾಪಲ್ಲಿ ಕೇಳಬೇಡಿ.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರದ ಬ್ರೈನ್ ಹೆಲ್ತ್ ಕ್ಲಿನಿಕ್ 2022ರಲ್ಲಿ ಶುರುವಾಯ್ತು, ಅಲ್ಲಿ ವಿಚಾರಿಸಿ. ಅಕ್ಕನಿಗೆ ತಡೆಯಲಾಗದ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಗಿರಿ_ಮಾಲೂರು

ಬ್ಯಾಂಕ್ ಕೆಲಸಕ್ಕೆ ಅಮ್ಮನ ಹೆಬ್ಬೆಟ್ಟು ಒತ್ತಿಸಿ ಒಂದು ಜಿಪಿಎ (ಅವರ ಪರವಾಗಿ ವ್ಯವಹರಿಸೋ ಅಧಿಕಾರಪತ್ರ) ಮಾಡಿಸಿಬಿಡಿ. ಓಡಾಟ ಎಲ್ಲಾ ತಪ್ಪುತ್ತೆ.

ಲೆಡ್ಜರ್

ಗಿರಿ ಅವರೇ, ದಯವಿಟ್ಟು ಬೇಡ. ಬರೆದುಕೊಡೋರಿಗೆ ತಾನೇನು ಬರೆದುಕೊಡ್ತಿದೀನಿ ಅನ್ನೋ ತಿಳಿವಳಿಕೆ ಇಲ್ಲದಿದ್ದರೆ ಆ ಜಿಪಿಎ ನಿಲ್ಲಲ್ಲ. ಚೆನ್ನಾಗಿದ್ದಾಗ ಮಾಡಿಸಿದ್ದೇ ಆದರೂ, 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಬರೆದುಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ಅಧಿಕಾರ ಅಲ್ಲಿಗೇ ಮುಗೀತು. ನಾಳೆ ಆಸ್ತಿ ಜಗಳ ಎದ್ದರೆ ಹೆಬ್ಬೆಟ್ಟು ಒತ್ತಿಸಿದ ಆರೋಪ ನೋಡಿಕೊಂಡ ಅಕ್ಕನ ತಲೆಗೇ ಬರುತ್ತೆ. ಖಾತೆ ಮೊದಲೇ "ಇಬ್ಬರಲ್ಲಿ ಯಾರಾದರೂ" ಅಂತ ಜಂಟಿಯಾಗಿದ್ದರೆ ತೊಂದರೆ ಇಲ್ಲ. ಇಲ್ಲದಿದ್ದರೆ ಕೋರ್ಟಿನಿಂದ ಪಾಲಕರ ನೇಮಕವೇ ದಾರಿ. ವಕೀಲರನ್ನ ನೋಡೋ ಕೆಲಸ ತಮ್ಮ ಪುಣೆಯಿಂದಲೇ ಶುರು ಮಾಡಬಹುದು.

ಪಿಂಚಣಿ ಇದ್ದರೆ ನವೆಂಬರಿನ ಜೀವನ ಪ್ರಮಾಣಪತ್ರವೂ ನಿಮ್ಮ ಪಾಲಿಗಿರಲಿ. ಮೊಬೈಲಲ್ಲಿ ಮುಖ ತೋರಿಸಿ ಮಾಡಬಹುದು, ಆದರೆ ಕಣ್ಣು ಮಿಟುಕಿಸಿ ಅಂದಾಗ ಅಮ್ಮನಿಗೆ ಅರ್ಥವಾಗದೆ ಅಲ್ಲೇ ನಿಂತುಹೋಗುತ್ತೆ. 70 ದಾಟಿದವರ ಮನೆಗೇ ಬರೋ ಸೇವೆ ಬ್ಯಾಂಕುಗಳಲ್ಲಿದೆ. ಅಕ್ಟೋಬರಲ್ಲೇ ಶಾಖೆಗೆ ಬರೆದು ದಿನ ಗೊತ್ತು ಮಾಡಿ.

ಪುಣೆಯಿಂದ_ತಮ್ಮ

ತುಂಬಾ ಉಪಕಾರ. ಹೋಮ್ ನರ್ಸ್ ಇಡೋಣ ಅಂದ್ರೆ ಅಕ್ಕ ಒಪ್ಪಲ್ಲ. "ಅಮ್ಮ ಹೊರಗಿನೋರ ಕೈಲಿ ಏನೂ ಮಾಡಿಸ್ಕೊಳ್ಳಲ್ಲ, ಅವರಿಗೆ ಕಲಿಸೋದು ನನಗೇ ಇನ್ನೊಂದು ಕೆಲಸ" ಅಂತಾಳೆ.

ಶುಶ್ರೂಷಕಿ_ಹಾಸನ

ಅವಳು ಹೇಳೋದು ಸರಿ, ಮೊದಲ ವಾರ ಕೆಲಸ ಜಾಸ್ತಿಯೇ ಆಗುತ್ತೆ. ಅದಕ್ಕೇ ಹಗಲಿಗೆ ಬೇಡ, ರಾತ್ರಿಗೆ ಇಡಿ, ವಾರಕ್ಕೆ ಎರಡು ರಾತ್ರಿ. ರಾತ್ರಿ ಊಟ, ಸ್ನಾನ ಇರಲ್ಲ, ಬಚ್ಚಲಿಗೆ ಕರೆದೊಯ್ಯೋದು, ಒದ್ದೆಯಾದರೆ ಬಟ್ಟೆ ಬದಲಿಸೋದು ಅಷ್ಟೇ. ಅಕ್ಕ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು. ಒಂದು ಹಾಳೆಯಲ್ಲಿ ನೀವೇ ಬರೆದು ಗೋಡೆಗೆ ಅಂಟಿಸಿ: ಅಮ್ಮನನ್ನ ಏನಂತ ಕರೀಬೇಕು, ಯಾವ ಕಡೆ ಮಗ್ಗುಲಾಗ್ತಾರೆ, ಏನು ಹೇಳಿದರೆ ರೇಗ್ತಾರೆ, ಯಾವ ಹಾಡು ಹಾಕಿದರೆ ಸುಮ್ಮನಾಗ್ತಾರೆ.

ನೀವು ಹಬ್ಬಕ್ಕೆ ಎರಡು ದಿನ ಬಂದರೆ ಅಕ್ಕನಿಗೆ ನೆಂಟರಿಗೆ ಅಡುಗೆ ಮಾಡಿದ ಹಾಗೇ. ಮೂರು ತಿಂಗಳಿಗೊಮ್ಮೆ ಹತ್ತು ದಿನ ಬನ್ನಿ. ಮೊದಲ ಮೂರು ದಿನ ಪಕ್ಕದಲ್ಲಿ ನಿಂತು ಕಲಿಯಿರಿ. ಚಮಚ ಹಿಡಿಯೋದು, ಟವೆಲ್ ಹೊದಿಸೋದು ನಿಮ್ಮ ಕೈಗೆ ಬರಲಿ. ನಾಲ್ಕನೇ ದಿನ ಬೆಳಿಗ್ಗೆ ಅಕ್ಕನನ್ನ ಅವಳಿಗಿಷ್ಟ ಬಂದ ಕಡೆಗೆ ಬಸ್ ಹತ್ತಿಸಿ. ಆ ವಾರ ಚಿಕ್ಕಪುಟ್ಟದ್ದಕ್ಕೆಲ್ಲ ಫೋನ್ ಮಾಡಿ ಕೇಳಬೇಡಿ, ಗೋಡೆ ಮೇಲಿನ ಹಾಳೆ ನೋಡಿ.